ಸಂಗೀತದಲ್ಲಿ ಗಣಿತ: ಕಂಡದ್ದೆಷ್ಟು, ಕಟ್ಟಿದ್ದೆಷ್ಟು?

ತಣಿಸಂದ್ರದ ಕಡೆಯ ಒಂದು ಪ್ರೌಢಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಮಳೆನೀರು ಸಂಗ್ರಹ, ಜ್ವಾಲಾಮುಖಿ, ಸೌರ ಒಲೆ ಮುಂತಾದ ಮಾದರಿಗಳ ನಡುವೆ ಗೋಡೆಗೆ ಅಂಟಿಸಿದ್ದ ಒಂದು ಚಾರ್ಟ್ ಗಮನ ಸೆಳೆಯಿತು. ತಲೆಬರಹ ‘ಸಂಗೀತವೆಂದರೆ ಗಣಿತ’. ಅದರಲ್ಲಿ ಮೂರು ಹೇಳಿಕೆಗಳಿದ್ದವು. ಒಂದು, ಕರ್ನಾಟಕ ಸಂಗೀತದಲ್ಲಿ 34,776 ಜನ್ಯರಾಗಗಳಿವೆ. ಎರಡು, ಮುತ್ತುಸ್ವಾಮಿ ದೀಕ್ಷಿತರ ‘ತ್ಯಾಗರಾಜ ಯೋಗವೈಭವಂ’ ಕೃತಿಯಲ್ಲಿ ಫಿಬೊನಾಚಿ ಸಂಖ್ಯೆಗಳಿವೆ. ಮೂರು, ಹಂಗೇರಿಯ ಬಾರ್ತೋಕ್ ಸುವರ್ಣಾನುಪಾತವನ್ನು ಅನುಸರಿಸಿ ಸಂಗೀತ ರಚಿಸಿದ.

ಮೊದಲನೆಯದು, ಮೂರನೆಯದು ಎಲ್ಲೋ ಓದಿದ್ದು. ಎರಡನೆಯದನ್ನು ಮಾತ್ರ ಆ ಒಂಬತ್ತನೆಯ ತರಗತಿಯ ಹುಡುಗಿ ತಾನೇ ಎಣಿಸಿ ಕಂಡುಹಿಡಿದಿದ್ದಳು. ಆಕೆ ಹಾಡುಗಾರಿಕೆ ಕಲಿಯುತ್ತಿದ್ದವಳು. ‘ಎರಡು, ಮೂರು, ಐದು, ಎಂಟು ಬರ್ತದೆ ಸರ್’ ಎಂದಳು. ‘ಎಂಟರ ಮುಂದೆ ಎಷ್ಟು ಬರ್ತದಮ್ಮಾ?’ ಎಂದೆ. ಬೆರಳು ಮಡಿಸಿ ಎಣಿಸಿದಳು. ‘ಹನ್ನೊಂದು’ ಎಂದು ಸುಮ್ಮನಾದಳು. ಹದಿಮೂರು ಬರಬೇಕಿತ್ತು. ಪಕ್ಕದಲ್ಲಿದ್ದ ಶಿಕ್ಷಕರೊಬ್ಬರು, ‘ಮಕ್ಕಳ ಉತ್ಸಾಹಕ್ಕೆ ತಣ್ಣೀರು ಎರಚಬೇಡಿ ಸರ್’ ಎಂದು ನಗುತ್ತಲೇ ಹೇಳಿದರು.

ಓದುಗರೇ, ಆ ಮಾತು ನನ್ನನ್ನು ಬಿಡಲಿಲ್ಲ. ಸಂಗೀತದಲ್ಲಿ ಗಣಿತವಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕಂಡ ಸಂಖ್ಯೆಗಳೆಲ್ಲ ಗಣಿತವೇ? ಆ ಚಾರ್ಟಿನ ಮೂರು ಹೇಳಿಕೆಗಳನ್ನೂ ಒಂದೊಂದಾಗಿ ಒರೆಗೆ ಹಚ್ಚಿ ನೋಡೋಣ. ಕಾಗದ, ಪೆನ್ಸಿಲು ಹತ್ತಿರವಿರಲಿ.

34,776ರ ಹುಟ್ಟು

ಈ ಸಂಖ್ಯೆಯ ಬೇರು ಇರುವುದು 72 ಮೇಳಗಳ ಪದ್ಧತಿಯಲ್ಲಿ. ಅದನ್ನು ರೂಪಿಸಿದವನು 17ನೆಯ ಶತಮಾನದ ವೆಂಕಟಮಖಿ. ಗ್ರಂಥ ‘ಚತುರ್ದಂಡೀ ಪ್ರಕಾಶಿಕೆ’. ಈತ ತಂಜಾವೂರಿನ ನಾಯಕರ ಆಸ್ಥಾನದಲ್ಲಿದ್ದರೂ ಕನ್ನಡ ಮನೆತನದವನು. ಅಲ್ಲಿ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತನ ಮಗ.

ಲೆಕ್ಕ ಸರಳ. ಒಂದು ಸ್ಥಾಯಿಯಲ್ಲಿ ಹನ್ನೆರಡು ಸ್ವರಸ್ಥಾನಗಳು. ಷಡ್ಜ, ಪಂಚಮಗಳಿಗೆ ಒಂದೊಂದು, ಮಧ್ಯಮಕ್ಕೆ ಎರಡು. ರಿಷಭ, ಗಾಂಧಾರಗಳಿಗೆ ಸೇರಿ ನಾಲ್ಕು. ಧೈವತ, ನಿಷಾದಗಳಿಗೆ ಸೇರಿ ನಾಲ್ಕು. ನಾಲ್ಕು ಸ್ಥಾನಗಳಲ್ಲಿ ಎರಡನ್ನು ಆರಿಸುವ ಬಗೆಗಳು ಆರು. ಆದ್ದರಿಂದ 6 × 2 × 6 = 72.

ಇನ್ನು ಜನ್ಯರಾಗಗಳು. ಮೇಳದ ಏಳು ಸ್ವರಗಳಲ್ಲಿ ಷಡ್ಜವನ್ನು ಬಿಡುವಂತಿಲ್ಲ. ಏನನ್ನೂ ಬಿಡದಿದ್ದರೆ ಒಂದು ಬಗೆ (ಸಂಪೂರ್ಣ), ಒಂದು ಸ್ವರ ಬಿಟ್ಟರೆ ಆರು ಬಗೆ (ಷಾಡವ), ಎರಡು ಬಿಟ್ಟರೆ ಹದಿನೈದು ಬಗೆ (ಔಡವ). ಒಟ್ಟು 22. ಆರೋಹಕ್ಕೆ 22, ಅವರೋಹಕ್ಕೆ 22, ಗುಣಿಸಿದರೆ 484. ಅದರಲ್ಲಿ ಒಂದು ಮೇಳವೇ ಆದ್ದರಿಂದ ಕಳೆದರೆ 483. ಅದನ್ನು 72ರಿಂದ ಗುಣಿಸಿ: 34,776.

ಗುಣಾಕಾರದಲ್ಲಿ ತಪ್ಪಿಲ್ಲ. ತಪ್ಪಿರುವುದು ಎಣಿಕೆಯಲ್ಲಿ. ಮೋಹನ ರಾಗವನ್ನೇ ತೆಗೆದುಕೊಳ್ಳಿ. ಅದರಲ್ಲಿ ಮಧ್ಯಮವೂ ನಿಷಾದವೂ ಇಲ್ಲ. 28ನೆಯ ಮೇಳ ಹರಿಕಾಂಭೋಜಿಯಿಂದ ಅವೆರಡನ್ನು ತೆಗೆದರೆ ಮೋಹನದ ಸ್ವರಗಳು ಸಿಗುತ್ತವೆ. 29ನೆಯ ಶಂಕರಾಭರಣದಿಂದ ತೆಗೆದರೂ ಅವೇ. 64ನೆಯ ವಾಚಸ್ಪತಿ, 65ನೆಯ ಕಲ್ಯಾಣಿಯಿಂದಲೂ ಅವೇ. ಈ ನಾಲ್ಕು ಮೇಳಗಳಲ್ಲಿ ವ್ಯತ್ಯಾಸವಿರುವುದೇ ನಾವು ತೆಗೆದುಹಾಕಿದ ಆ ಎರಡು ಸ್ವರಗಳಲ್ಲಿ! ಹೀಗೆ ಮೋಹನ ಒಂದೇ ನಾಲ್ಕು ಸಲ ಲೆಕ್ಕಕ್ಕೆ ಬಂದಿದೆ.

ಹಾಗಾದರೆ ನಿಜವಾಗಿ ಬೇರೆಬೇರೆಯಾದವು ಎಷ್ಟು? ಆರೋಹವನ್ನಷ್ಟೇ ನೋಡೋಣ. ಹಳೆಯ ಎಣಿಕೆಯಂತೆ 72 × 22 = 1,584 ಇರಬೇಕು. ಈಗ ಸ್ವರದ ಹೆಸರು ಬಿಟ್ಟು ಸ್ಥಾನಗಳನ್ನು ಎಣಿಸಿ. ಔಡವಕ್ಕೆ ಷಡ್ಜವಲ್ಲದೆ ನಾಲ್ಕು ಸ್ವರ ಬೇಕು. ರಿ–ಗ ಭಾಗದಿಂದ ಒಂದನ್ನು ನಾಲ್ಕು ಬಗೆಯಲ್ಲಿ, ಎರಡನ್ನು ಆರು ಬಗೆಯಲ್ಲಿ ಆರಿಸಬಹುದು. ದ–ನಿ ಭಾಗಕ್ಕೂ ಹಾಗೆಯೇ. ಆಗ,

ಮ, ಪ ಎರಡೂ ಇಲ್ಲದಿದ್ದರೆ: 6 × 6 = 36
ಮ, ಪಗಳಲ್ಲಿ ಒಂದು ಮಾತ್ರ ಇದ್ದರೆ: (6 × 4 + 4 × 6) × 3 = 144
ಎರಡೂ ಇದ್ದರೆ: (6 + 6 + 4 × 4) × 2 = 56

ಒಟ್ಟು 236. ಹಳೆಯ ಎಣಿಕೆ ಹೇಳಿದ್ದು 72 × 15 = 1,080. ಇದೇ ಕ್ರಮದಲ್ಲಿ ಷಾಡವಗಳು 204 ಆಗುತ್ತವೆ. ನೀವೇ ಮಾಡಿ ನೋಡಿ. ಸಂಪೂರ್ಣ 72. ಎಲ್ಲ ಕೂಡಿದರೆ 512. ಅಂದರೆ 1,584ರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ.

512 ಎಂದರೆ ಎರಡರ ಒಂಬತ್ತನೆಯ ಘಾತ ಎಂದು ಯಾರಾದರೂ ಕುಣಿದಾಡಬಹುದು. ಅದರಲ್ಲಿ ಯಾವ ಗುಟ್ಟೂ ನನಗೆ ಕಾಣಲಿಲ್ಲ. ಮೂರು ಬೇರೆ ಬೇರೆ ಮೊತ್ತಗಳನ್ನು ಕೂಡಿದಾಗ ಹಾಗೆ ಬಂತು, ಅಷ್ಟೇ. ಸುಂದರ ಸಂಖ್ಯೆ ಕಂಡೊಡನೆ ಕಾರಣವಿದೆ ಎಂದು ನಂಬಬಾರದು ಎಂಬುದಕ್ಕೆ ಇದನ್ನೇ ನೆನಪಿಟ್ಟುಕೊಳ್ಳಿ.

ಇನ್ನೊಂದು ಕಡೆ ಈ ಎಣಿಕೆ ಕಡಿಮೆಯೂ ಹೌದು. ವಕ್ರ ಸಂಚಾರದ ರಾಗಗಳು, ಮೇಳಕ್ಕೆ ಸೇರದ ಸ್ವರವನ್ನು ಬಳಸುವ ಭಾಷಾಂಗ ರಾಗಗಳು ಇದರಲ್ಲಿ ಬರುವುದೇ ಇಲ್ಲ. ರಾಗವೆಂದರೆ ಬರಿಯ ಸ್ವರಪಟ್ಟಿಯೂ ಅಲ್ಲ. ಗಮಕ, ಪ್ರಯೋಗಗಳು ಸೇರಿಯೇ ಅದಕ್ಕೆ ಮುಖ ಬರುವುದು. ಆದ್ದರಿಂದ 34,776 ಎಂಬುದು ಹೆಚ್ಚೂ ಹೌದು, ಕಡಿಮೆಯೂ ಹೌದು. ರಾಗಗಳ ಸಂಖ್ಯೆಯಂತೂ ಅಲ್ಲ.

ಎಣಿಸುವುದು ಲೆಕ್ಕ, ಆರಿಸುವುದು ಕಿವಿ

ಹಾಗೆಂದು ವೆಂಕಟಮಖಿಯ ಸಾಧನೆ ಕಡಿಮೆಯದಲ್ಲ. ಅವನಿಗೆ ಮೊದಲು, 1550ರಲ್ಲಿ, ವಿಜಯನಗರದ ರಾಮಾಮಾತ್ಯ ‘ಸ್ವರಮೇಳಕಲಾನಿಧಿ’ ಬರೆದಾಗ ಬಳಕೆಯ ರಾಗಗಳನ್ನು ನೋಡಿ ಇಪ್ಪತ್ತು ಮೇಳಗಳನ್ನು ಪಟ್ಟಿಮಾಡಿದ್ದ. ವೆಂಕಟಮಖಿ ದಾರಿಯನ್ನೇ ತಿರುಗಿಸಿದ. ಇರುವುದನ್ನು ಪಟ್ಟಿಮಾಡುವ ಬದಲು ಸಾಧ್ಯವಿರುವುದನ್ನೆಲ್ಲ ಎಣಿಸಿದ. ತನ್ನ ಕಾಲದಲ್ಲಿ ಬಳಕೆಯಲ್ಲಿದ್ದ ಮೇಳಗಳು ಹತ್ತೊಂಬತ್ತೇ ಎಂಬುದನ್ನೂ ಆತ ಮುಚ್ಚಿಡಲಿಲ್ಲ. ಇದು ಒಳ್ಳೆಯ ವಿಜ್ಞಾನಿಯ ನಡೆ. ಖಾಲಿ ಮನೆಗಳನ್ನು ಖಾಲಿ ಎಂದೇ ಗುರುತಿಸಿಟ್ಟ. ಮುಂದೆ ವಾಗ್ಗೇಯಕಾರರು ಅವುಗಳಲ್ಲಿ ಹಾಡು ಕಟ್ಟಿದರು.

ಆದರೆ 72 ಎಂಬುದು ಪ್ರಕೃತಿ ಕೊಟ್ಟ ಸಂಖ್ಯೆಯಲ್ಲ. ಒಂದು ನಿಯಮ ಕೊಟ್ಟ ಸಂಖ್ಯೆ. ಹಿಂದೂಸ್ಥಾನಿ ಪದ್ಧತಿಯಂತೆ ರಿ, ಗ, ಮ, ದ, ನಿ ಈ ಐದಕ್ಕೂ ಎರಡೆರಡೇ ರೂಪಗಳೆಂದು ಇಟ್ಟುಕೊಂಡರೆ ಎರಡರ ಐದನೆಯ ಘಾತ, ಅಂದರೆ 32 ಥಾಟುಗಳು ಸಾಧ್ಯ. ಭಾತಖಂಡೆ (1860–1936) ಅವುಗಳಲ್ಲಿ ಹತ್ತನ್ನೇ ಆರಿಸಿಕೊಂಡರು. ನಿಯಮ ಬದಲಾದರೆ ಮೊತ್ತ ಬದಲಾಗುತ್ತದೆ. ಆ ಮೊತ್ತದಲ್ಲಿ ಬಳಕೆಗೆ ಬರುವುದೆಷ್ಟು ಎಂಬುದನ್ನು ಕಿವಿ ತೀರ್ಮಾನಿಸುತ್ತದೆ.

ತಾಳದಲ್ಲೂ ಇದೇ ಕತೆ. ಏಳು ಸೂಳಾದಿ ತಾಳ, ಐದು ಜಾತಿ, ಒಟ್ಟು 35. ಇದರಲ್ಲಿ ಎಂಟು ಅಕ್ಷರದ ತಾಳಗಳು ಮೂರಿವೆ: ತಿಶ್ರ ಮಠ್ಯ (3+2+3), ಚತುರಶ್ರ ತ್ರಿಪುಟ ಅಂದರೆ ಆದಿ (4+2+2), ಖಂಡ ಝಂಪೆ (5+1+2). ಮೊತ್ತ ಒಂದೇ, ಮೈಕಟ್ಟು ಬೇರೆ. ಕಛೇರಿಗಳಲ್ಲಿ ಹೆಚ್ಚಾಗಿ ಕೇಳುವುದು ಆದಿತಾಳವೊಂದನ್ನೇ. ಇನ್ನೂ ಸೋಜಿಗವೆಂದರೆ, ದಿನವೂ ಕೇಳಿಬರುವ ಮಿಶ್ರಛಾಪು, ಖಂಡಛಾಪುಗಳು ಆ 35ರ ಪಟ್ಟಿಯಲ್ಲಿಲ್ಲ.

ಮಿಶ್ರಛಾಪಿನ 3+4ರ ನಡಿಗೆ ನಿಮಗೆ ಹೊಸದಲ್ಲ. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಪ್ರಸ್ತಾರವನ್ನು ಕನ್ನಡ ತರಗತಿಯಲ್ಲಿ ಹಾಕಿದ್ದೀರಿ. ಮೊದಲ ಸಾಲು 3-4-3-4, ಒಟ್ಟು 14 ಮಾತ್ರೆ. ಮೂರು ಮಾತ್ರೆಯ ಗಣವನ್ನು ಲಘು, ಗುರುಗಳಿಂದ ಮೂರು ಬಗೆಯಲ್ಲಿ ಕಟ್ಟಬಹುದು; ನಾಲ್ಕು ಮಾತ್ರೆಯದನ್ನು ಐದು ಬಗೆಯಲ್ಲಿ. ಹಾಗಾಗಿ ಒಂದು ಸಾಲಿಗೆ 3 × 5 × 3 × 5 = 225 ವಿನ್ಯಾಸಗಳು ಸಾಧ್ಯ. ಆದರೆ ಲಘುವಿನ ಬೆನ್ನಿಗೇ ಗುರು ಬಂದು ಗಣ ಆರಂಭವಾಗಬಾರದು ಎಂಬ ನಿಯಮವಿದೆಯಲ್ಲ? ಅದನ್ನು ಪಾಲಿಸಿದರೆ 2 × 4 × 2 × 4 = 64 ಮಾತ್ರ ಉಳಿಯುತ್ತವೆ. 161 ವಿನ್ಯಾಸಗಳನ್ನು ಕಿವಿಯೇ ತಳ್ಳಿಹಾಕಿದೆ.

ಗಮನಿಸಿದಿರಾ? ಮೂರಕ್ಕೆ ಮೂರು, ನಾಲ್ಕಕ್ಕೆ ಐದು. ಐದು ಮಾತ್ರೆಗೆ ಎಂಟು, ಆರಕ್ಕೆ ಹದಿಮೂರು. ಇಲ್ಲಿ ಫಿಬೊನಾಚಿ ಸಂಖ್ಯೆಗಳು ನಿಜವಾಗಿಯೂ ಇವೆ. ಅದಕ್ಕೆ ಕಾರಣವೂ ಇದೆ. ಯಾವುದೇ ಗಣ ಲಘುವಿನಿಂದಲೋ ಗುರುವಿನಿಂದಲೋ ಮುಗಿಯಲೇಬೇಕು. ಲಘುವಾದರೆ ಅದರ ಹಿಂದೆ ಒಂದು ಮಾತ್ರೆ ಕಡಿಮೆಯ ಗಣ, ಗುರುವಾದರೆ ಎರಡು ಮಾತ್ರೆ ಕಡಿಮೆಯ ಗಣ. ಆದ್ದರಿಂದ ಪ್ರತಿ ಸಂಖ್ಯೆಯೂ ಹಿಂದಿನ ಎರಡರ ಮೊತ್ತ. ಛಂದಸ್ಸಿನ ಈ ಲೆಕ್ಕವನ್ನು ವಿರಹಾಂಕನೂ, ಸುಮಾರು 1150ರಲ್ಲಿ ಹೇಮಚಂದ್ರನೂ ಬಲ್ಲವರಾಗಿದ್ದರು. ಫಿಬೊನಾಚಿಯ ಪುಸ್ತಕ ಬಂದದ್ದು 1202ರಲ್ಲಿ.

ಲೆಕ್ಕ ತಪ್ಪಿದರೆ ಸಮ ತಪ್ಪುತ್ತದೆ

ಗಣಿತ ಕಣ್ಣೆದುರೇ ಕೆಲಸ ಮಾಡುವುದನ್ನು ನೋಡಬೇಕಾದರೆ ಮೃದಂಗದವರ ಮುಕ್ತಾಯ ಕೇಳಿ. ಒಂದು ಸೊಲ್ಲನ್ನು ಮೂರು ಸಲ ನುಡಿಸಬೇಕು, ನಡುವೆ ಸಮನಾದ ಎರಡು ಕಾರ್ವೆ (ಬಿಡುವು) ಬರಬೇಕು, ಮುಗಿದೊಡನೆ ಸಮ ಬೀಳಬೇಕು. ಸೊಲ್ಲಿನ ಮಾತ್ರೆ ‘ಪ’, ಕಾರ್ವೆ ‘ಕ’, ಒಟ್ಟು ಮಾತ್ರೆ ‘ಮ’ ಆದರೆ,

3ಪ + 2ಕ = ಮ

ಆದಿತಾಳದ ಒಂದು ಆವರ್ತ, ಅಕ್ಷರಕ್ಕೆ ನಾಲ್ಕರಂತೆ 32 ಮಾತ್ರೆ. ಪ = 10 ಆದರೆ ಕ = 1. ಪ = 8 ಆದರೆ ಕ = 4. ಪ = 6 ಆದರೆ ಕ = 7. ಈಗ ಐದು ಮಾತ್ರೆಯ ‘ತದಿಗಿಣತೊಂ’ ಹಾಕಿ ನೋಡಿ. 32ರಲ್ಲಿ 15 ಕಳೆದರೆ 17, ಎರಡರಿಂದ ಭಾಗವಾಗದು. 2ಕ ಯಾವಾಗಲೂ ಸಮಸಂಖ್ಯೆ, ಆದ್ದರಿಂದ ಪ ಬೆಸವಾಗಿದ್ದರೆ ಮ ಕೂಡ ಬೆಸವಾಗಲೇಬೇಕು. ವಾದಕ ಏನು ಮಾಡುತ್ತಾನೆ? ಸಮದಲ್ಲಿ ಹಿಡಿಯುವ ಬದಲು ಒಂದು ಮಾತ್ರೆ ಬಿಟ್ಟು ಹಿಡಿಯುತ್ತಾನೆ. ಉಳಿದದ್ದು 31; ಕ = 8. ಲೆಕ್ಕ ಕೂಡಿತು. ಕಾರ್ವೆ ಅಷ್ಟು ಉದ್ದ ಬೇಡವೆನಿಸಿದರೆ 13 ಮಾತ್ರೆ ಬಿಟ್ಟು ಹಿಡಿದು, ಕಾರ್ವೆಯನ್ನು ಎರಡಕ್ಕೆ ಇಳಿಸುತ್ತಾನೆ. ಈ ಎರಡರಲ್ಲಿ ಯಾವುದು ಚೆನ್ನ ಎಂಬುದನ್ನು ಸಮೀಕರಣ ಹೇಳುವುದಿಲ್ಲ. ಆದರೆ ಸಮೀಕರಣ ತಪ್ಪಿದರೆ ಸಭೆಯಲ್ಲಿ ತಾಳ ಹಾಕುತ್ತಿರುವ ಕೈಯೇ ತಪ್ಪನ್ನು ಎತ್ತಿ ತೋರಿಸುತ್ತದೆ. ಹೀಗೆ ತಪ್ಪು ಹಿಡಿಯುವ ದಾರಿ ಇರುವ ಲೆಕ್ಕವೇ ಗಟ್ಟಿ ಲೆಕ್ಕ.

ಅನುಪಾತಕ್ಕೂ ಇಂಥ ಗಟ್ಟಿ ಉದಾಹರಣೆ ಅದೇ ವಾದ್ಯದಲ್ಲಿದೆ. ಸಾಮಾನ್ಯ ದುಂಡು ಚರ್ಮವನ್ನು ಬಿಗಿದು ಬಾರಿಸಿದರೆ ಅದರ ಸಹಜ ಆವೃತ್ತಿಗಳು 1 : 1.59 : 2.14 : 2.30 ಹೀಗೆ ಒರಟಾಗಿರುತ್ತವೆ. ಮೃದಂಗದ ನಡುವಿನ ಕಪ್ಪು ಕರಣೆ ಅವನ್ನು 1 : 2 : 3 : 4 : 5ರ ಹತ್ತಿರಕ್ಕೆ ತರುತ್ತದೆ. ಸಿ.ವಿ. ರಾಮನ್ ಇದನ್ನು 1920ರಲ್ಲಿ ಸಹೋದ್ಯೋಗಿಯೊಂದಿಗೆ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವಿವರವಾಗಿ ಬರೆದರು. ಕರಣೆ ಕೆರೆದುಹಾಕಿದರೆ ಆ ನಾದ ಹೋಗುತ್ತದೆ. ಕಾರಣವಿರುವ ಅನುಪಾತವೆಂದರೆ ಇದು.

ಸುವರ್ಣಾನುಪಾತದ ಕೊರತೆ

ಈಗ ಮೂರನೆಯ ಹೇಳಿಕೆ. ಬಾರ್ತೋಕ್ 1936ರಲ್ಲಿ ತಂತಿವಾದ್ಯ, ತಾಳವಾದ್ಯ ಮತ್ತು ಚೆಲೆಸ್ಟಾಗಳಿಗಾಗಿ ಒಂದು ಕೃತಿ ರಚಿಸಿದ. ಎರ್ನೊ ಲೆಂಡ್ವೈ ಎಂಬ ವಿಮರ್ಶಕ ಅದರ ಮೊದಲ ಭಾಗಕ್ಕೆ 89 ಲಯಖಂಡಗಳೆಂದೂ, ನಾದ ಶಿಖರ ಮುಟ್ಟುವುದು 55ರ ಕೊನೆಯಲ್ಲೆಂದೂ ತೋರಿಸಿದ. ಎರಡೂ ಫಿಬೊನಾಚಿ ಸಂಖ್ಯೆಗಳು; 55 ÷ 89 = 0.618, ಸುವರ್ಣಾನುಪಾತ. ಆದರೆ ಮುದ್ರಿತ ಸ್ವರಲಿಪಿಯಲ್ಲಿರುವುದು 88 ಖಂಡಗಳು! ಕೊನೆಯಲ್ಲೊಂದು ಮೌನದ ಖಂಡ ಸೇರಿಸಿಕೊಂಡರಷ್ಟೇ 89. 55 ÷ 88 ಎಂದರೆ 0.625, ಅದು ನೇರವಾಗಿ 5/8.

0.618ಕ್ಕೂ 0.625ಕ್ಕೂ ಅಂತರ ಸಣ್ಣದಲ್ಲವೇ ಎನ್ನಬಹುದು. ಸಣ್ಣದೇ. ತೊಂದರೆ ಇರುವುದು ಅಲ್ಲಿಯೇ. ಕತೆ, ನಾಟಕ, ಹಾಡು ಯಾವುದರಲ್ಲೂ ಶಿಖರ ಸಾಮಾನ್ಯವಾಗಿ ಅರ್ಧ ದಾಟಿದ ಮೇಲೆ, ಮುಕ್ತಾಯಕ್ಕೆ ಮೊದಲು ಬರುತ್ತದೆ. ಹಾಗಿರುವಾಗ 3/5, 5/8, 0.618, 2/3 ಇವುಗಳಲ್ಲಿ ಯಾವುದಾದರೊಂದಕ್ಕೆ ಅದು ಹತ್ತಿರವಾಗದೆ ಹೇಗೆ ಇದ್ದೀತು? ಬೇಕಾದ ಉತ್ತರ ಬರಲೆಂದು ಒಂದು ಖಂಡ ಸೇರಿಸುವ ಸ್ವಾತಂತ್ರ್ಯ ಎಣಿಸುವವನಿಗೆ ಇದ್ದರೆ ಆ ಎಣಿಕೆಯನ್ನು ಸಾಕ್ಷ್ಯವೆನ್ನಲಾಗದು. ಬಾರ್ತೋಕನ ಸಂಗೀತ ದೊಡ್ಡದು. ಅದಕ್ಕೆ ಈ ಊರುಗೋಲು ಬೇಕಿಲ್ಲ.

ಹನ್ನೊಂದು ಹೇಳಿದ್ದು

ಕೊನೆಗೆ ಹುಡುಗಿಯ ಲೆಕ್ಕ. ದೀಕ್ಷಿತರ (1775–1835) ಆನಂದಭೈರವಿಯ ಈ ಕೃತಿ ಗೋಪುಚ್ಛ ಯತಿಗೆ ಪ್ರಸಿದ್ಧ. ಹಸುವಿನ ಬಾಲದಂತೆ ಮಾತು ತುದಿಗೆ ಹೋದಂತೆ ಸಣ್ಣದಾಗುತ್ತದೆ. ಪ್ರತಿ ತುಂಡಿಗೂ ಸಂಸ್ಕೃತದಲ್ಲಿ ಅರ್ಥವಿದೆ. ಚರಣದಲ್ಲಿ ಇದಕ್ಕೆ ತಿರುವುಮುರುವಾಗಿ, ಹೊಳೆ ಹಿಗ್ಗುವಂತೆ, ಸ್ರೋತೋವಹ ಯತಿ ಬರುತ್ತದೆ. ಇವು ಕಾಕತಾಳೀಯವಲ್ಲ, ಬೇಕೆಂದೇ ಕಟ್ಟಿದವು.

ಕೃತಿಯ ಹೆಸರಿನ ಮಾತನ್ನೇ ತೆಗೆದುಕೊಂಡು ಛಂದಸ್ಸಿನ ಕ್ರಮದಲ್ಲಿ ಮಾತ್ರೆ ಎಣಿಸಿ. ಹಾಡುವಾಗಿನ ತಾಳದ ಕಾಲ ಬೇರೆ, ಅದನ್ನಿಲ್ಲಿ ಬೆರೆಸಬಾರದು. ಇಡೀ ಮಾತು 14 ಮಾತ್ರೆ. ‘ತ್ಯಾ’ ಹೋಗಿ ಹ್ರಸ್ವ ‘ಅ’ ಉಳಿದರೆ 13. ‘ಅಗ’ ಹೋದರೆ 11. ‘ರಾಜ’ ಹೋದರೆ 8. ‘ಯೋಗ’ ಹೋದರೆ 5. ‘ವೈ’ ಹೋದರೆ 3. ‘ಭ’ ಹೋದರೆ 2. ತುದಿಯಿಂದ ಬರೆದರೆ: 2, 3, 5, 8, 11, 13, 14.

ಮೊದಲ ನಾಲ್ಕು ಸಂಖ್ಯೆಗಳಲ್ಲಿ ಫಿಬೊನಾಚಿ ಇದ್ದಂತೆ ಕಾಣುತ್ತದೆ, 11ರಲ್ಲಿ ಮುರಿಯುತ್ತದೆ. ಮುಂದೆ ಬರುವ 13 ತನ್ನ ಜಾಗದಲ್ಲಿಲ್ಲ. ಹೇಳಿಕೆ ಬಿತ್ತು. ಪ್ರದರ್ಶನದ ದಿನ ನಾನು ಅಷ್ಟಕ್ಕೇ ನಿಲ್ಲಿಸಿದೆ.

ಮನೆಗೆ ಬಂದು ಅದೇ ಸಂಖ್ಯೆಗಳ ಅಂತರ ಬರೆದೆ: 1, 2, 3, 3, 2, 1. ಮೊದಲು ಏರಿ, ಆಮೇಲೆ ಅದೇ ಮೆಟ್ಟಿಲುಗಳಲ್ಲಿ ಇಳಿಯುತ್ತದೆ! ಏಳೂ ಸಂಖ್ಯೆಗಳು ಇದಕ್ಕೆ ಒಪ್ಪುತ್ತವೆ, ಒಂದನ್ನೂ ಬಿಡಬೇಕಿಲ್ಲ. ಹನ್ನೊಂದು ಎಂಬ ‘ತಪ್ಪು’ ಸಂಖ್ಯೆಯೇ ಇದಕ್ಕೆ ದಾರಿ ತೋರಿಸಿದ್ದು. ಆ ಹುಡುಗಿ ಹನ್ನೊಂದನ್ನು ಮುಚ್ಚಿಡದೆ ಹೇಳಿದ್ದಳು. ಮುಂದಿನ ಪ್ರಶ್ನೆ ಕೇಳಬೇಕಾಗಿದ್ದವನು ನಾನು, ಕೇಳಲಿಲ್ಲ.

ಇದು ದೀಕ್ಷಿತರ ಉದ್ದೇಶವೇ? ಅವಸರ ಬೇಡ. ಈ ವಿನ್ಯಾಸವನ್ನೂ ನಾನು ಸಂಖ್ಯೆಗಳನ್ನು ನೋಡಿದ ಮೇಲೆ ಹುಡುಕಿದ್ದು. ಅವಳಿಗೆ ಹಾಕಿದ ಅಳತೆಗೋಲನ್ನೇ ನನಗೂ ಹಾಕಿಕೊಳ್ಳಬೇಕು. ಗೋಪುಚ್ಛ ಯತಿಯ ಬೇರೆ ರಚನೆಗಳನ್ನೂ ಹೀಗೆಯೇ ಎಣಿಸಿ, ಅಲ್ಲಿಯೂ ಇಂಥ ಏರಿಳಿತ ಬಂದರೆ ಆಗ ಮಾತಾಡಬಹುದು.

ಅಧ್ಯಾಪಕ ಮಿತ್ರರೇ, ಮುಂದಿನ ಪ್ರದರ್ಶನದಲ್ಲಿ ಇಂಥ ಚಾರ್ಟ್ ಕಂಡರೆ ಮೂರು ಪ್ರಶ್ನೆ ಕೇಳಿ. ಎಣಿಸುವ ನಿಯಮವನ್ನು ಎಣಿಸುವ ಮೊದಲೇ ಗೊತ್ತುಮಾಡಿಕೊಂಡಿದ್ದಿರಾ? ಮುಂದಿನ ಸಂಖ್ಯೆಯೂ ಒಪ್ಪುತ್ತದೆಯೇ? ಒಪ್ಪಿದರೆ ಕಾರಣವೇನು? ಇದರಿಂದ ಉತ್ಸಾಹಕ್ಕೆ ತಣ್ಣೀರು ಬೀಳುವುದಿಲ್ಲ. ನಾಲ್ಕನೆಯ ಸಂಖ್ಯೆಗೆ ಚಪ್ಪಾಳೆ ತಟ್ಟಿ ಕಳಿಸಿಬಿಟ್ಟರೆ ಮಗು ಐದನೆಯದನ್ನು ಎಣಿಸುವುದೇ ಇಲ್ಲ.

ಆ ಚಾರ್ಟಿಗೆ ನಾನು ಆ ದಿನ ಮೂರನೆಯ ಬಹುಮಾನ ಬರೆದು ಬಂದಿದ್ದೆ. ಎರಡು ಎರವಲು ಹೇಳಿಕೆಗಳಿಗೆ ಅದು ಹೆಚ್ಚಾಯಿತು. ಬೆರಳು ಮಡಿಸಿ ಎಣಿಸಿದ ಆ ಹನ್ನೊಂದಕ್ಕೆ ಕಡಿಮೆಯಾಯಿತು.